ಮಂಡ್ಯದ ಮೂರನೇ ಹೆಸರು: ಲೆಸ್ಲಿ ಕೋಲ್ಮನ್

ಆರನೇ ಸೆಮಿಸ್ಟರ್ ಮುಗಿಯುವಷ್ಟರಲ್ಲಿ ಪಿಪಿಪಿ ಅನ್ನೋ ಮೂರಕ್ಷರ ನಮ್ಮೆಲ್ಲರ ಕಿವಿಗೆ ಸಾಕಷ್ಟು ಸಲ ಬಿದ್ದಿರತ್ತೆ. ಸರ್ಕಾರಿ-ಖಾಸಗಿ ಸಹಭಾಗಿತ್ವ. ಉದಾಹರಣೆ ಕೇಳಿದರೆ ಬೆಂಗಳೂರು ವಿಮಾನ ನಿಲ್ದಾಣ ಅಂತ ಬರೀತೀವಿ, ಟೋಲ್ ಇರುವ ಹೆದ್ದಾರಿ ಅಂತ ಬರೀತೀವಿ, ಅಂಕ ಬರತ್ತೆ, ಮುಗೀತು. ರಸ್ತೆಯನ್ನು ಇಬ್ಬರು ಸೇರಿ ಕಟ್ಟಬಹುದು ಅನ್ನೋದು ಅರ್ಥ ಆಗುವ ಮಾತೇ. ಆದರೆ ಇಬ್ಬರು ಸೇರಿ ಸಂಶೋಧನೆ ಮಾಡೋದು ಹೇಗೆ? ಪ್ರಯೋಗಶಾಲೆಯಲ್ಲಿ ಹುಟ್ಟಿದ ಒಂದು ವಿಚಾರ ಗದ್ದೆಯ ಬದುವಿನ ತನಕ ನಡೆದುಕೊಂಡು ಬರಬೇಕಾದರೆ ಸರ್ಕಾರ ಏನು ಮಾಡಬೇಕು, ದುಡ್ಡು ಹಾಕುವವನು ಏನು ಮಾಡಬೇಕು, ಬೆಳೆಯುವವನು ಏನು ಮಾಡಬೇಕು?

ಇದಕ್ಕೆ ಉತ್ತರ ಹುಡುಕೋಕೆ ಸಿಲಿಕಾನ್ ವ್ಯಾಲಿಗೆ ಹೋಗಬೇಕಾಗಿಲ್ಲ. ಮಂಡ್ಯ ಬಸ್ ಸ್ಟ್ಯಾಂಡಿನಲ್ಲಿ ಇಳಿದರೆ ಸಾಕು. ಸಕ್ಕರೆ ನಾಡು ಅಂದಕೂಡಲೇ ನಮ್ಮ ಜನ ನಾಲ್ವಡಿ ಕೃಷ್ಣರಾಜ ಒಡೆಯರ್ ಅವರನ್ನೂ ಸರ್ ಎಂ. ವಿಶ್ವೇಶ್ವರಯ್ಯನವರನ್ನೂ ನೆನೆಯುತ್ತಾರೆ. ಎರಡೂ ಹೆಸರು ಸರಿಯೇ. ಆದರೆ ನೀರು ಬಂದ ಮೇಲೆ ಕಬ್ಬು ಬಂದದ್ದು, ಕಬ್ಬಿನ ಜೊತೆ ಮೈಷುಗರ್ ಕಾರ್ಖಾನೆ ಬಂದದ್ದು ತಾನಾಗಿಯೇ ಆದದ್ದಲ್ಲ. ಅಲ್ಲಿ ಮೂರನೇ ಹೆಸರೊಂದಿದೆ. ಮಂಡ್ಯದ ಹಿರಿಯರಿಗೆ ಗೊತ್ತು, ನಮ್ಮ ವಯಸ್ಸಿನವರಿಗೆ ಅಷ್ಟಾಗಿ ಗೊತ್ತಿಲ್ಲ. ಡಾ. ಲೆಸ್ಲಿ ಕೋಲ್ಮನ್.

ಕೋಲ್ಮನ್ ಹುಟ್ಟಿದ್ದು 1878ರಲ್ಲಿ, ಕೆನಡಾದ ಒಂಟಾರಿಯೋ ಪ್ರಾಂತ್ಯದಲ್ಲಿ. ಟೊರಾಂಟೋ ವಿಶ್ವವಿದ್ಯಾಲಯದಲ್ಲಿ ಓದಿ, ಜರ್ಮನಿಯ ಗಟ್ಟಿಂಗೆನ್‌ನಲ್ಲಿ ಡಾಕ್ಟರೇಟ್ ಮಾಡಿದರು. ವಿಷಯ ಮಣ್ಣಿನ ಬ್ಯಾಕ್ಟೀರಿಯಾ ಮತ್ತು ಸಾರಜನಕ. 1908ರಲ್ಲಿ, ಮೂವತ್ತು ತುಂಬುವ ಹೊತ್ತಿಗೆ, ಮೈಸೂರು ಸಂಸ್ಥಾನದ ಕೆಲಸಕ್ಕೆ ಬಂದರು. ಹುದ್ದೆ ಏನು ಗೊತ್ತಾ? ಶಿಲೀಂಧ್ರ ತಜ್ಞ ಮತ್ತು ಕೀಟ ತಜ್ಞ, ಎರಡೂ ಅವರೇ. ಅವರಿಗಿಂತ ಮೊದಲು ಅಡಾಲ್ಫ್ ಲೆಹ್ಮನ್ ಅನ್ನುವ ಕೃಷಿ ರಸಾಯನ ತಜ್ಞರು ಹೆಬ್ಬಾಳದಲ್ಲಿ ಪ್ರಯೋಗಗಳನ್ನು ಶುರು ಮಾಡಿದ್ದರು. ಇಷ್ಟು ಬಿಟ್ಟರೆ ಕೃಷಿ ಸಂಶೋಧನೆ ಅಂತ ಹೇಳಿಕೊಳ್ಳುವಂಥ ಕಟ್ಟಡವಾಗಲಿ ತಂಡವಾಗಲಿ ಸಂಸ್ಥಾನದಲ್ಲಿ ಹೆಚ್ಚೇನೂ ಇರಲಿಲ್ಲ.

ಅವರ ಮುಂದೆ ಬಂದ ಮೊದಲ ದೊಡ್ಡ ತೊಂದರೆ ಮಲೆನಾಡಿನದು. ಅಡಿಕೆಗೆ ಕೊಳೆರೋಗ. ಮಳೆಗಾಲದಲ್ಲಿ ಎಳೆಕಾಯಿ ಕೊಳೆತು ಉದುರಿಬಿಡುತ್ತಿತ್ತು. ತೋಟದವರು ತಮ್ಮದೇ ಉಪಾಯ ಮಾಡಿಕೊಂಡಿದ್ದರು, ಕೊನೆಗೆ ಕೊಟ್ಟೆ ಕಟ್ಟುವುದು. ಮಳೆ ನೀರು ಬೀಳದ ಹಾಗೆ ಒಂದೊಂದು ಅಡಿಕೆ ಗೊನೆಗೂ ಮರ ಹತ್ತಿ ಹೊದಿಕೆ ಕಟ್ಟಬೇಕು. ಉಪಾಯ ದಡ್ಡತನದ್ದಲ್ಲ, ರೋಗ ನೀರಿನಿಂದಲೇ ಹರಡುತ್ತೆ ಅನ್ನೋದು ಅವರಿಗೆ ಅನುಭವದಿಂದ ತಿಳಿದಿತ್ತು. ಆದರೆ ಖರ್ಚು ಮತ್ತು ಕೂಲಿ ಎರಡೂ ವಿಪರೀತ. ಕೋಲ್ಮನ್ ಇದು ಫೈಟಾಫ್ತೊರಾ ಜಾತಿಯ ಜೀವಿಯ ಕೆಲಸ ಅಂತ ಗುರುತಿಸಿದರು. ಆಲೂಗಡ್ಡೆಗೆ ಅಂಗಮಾರಿ ತಂದು ಐರ್ಲೆಂಡನ್ನು ಹಸಿವಿಗೆ ನೂಕಿತ್ತಲ್ಲ, ಅದರ ಹತ್ತಿರದ ನೆಂಟ. ಫ್ರಾನ್ಸಿನ ದ್ರಾಕ್ಷಿ ತೋಟಗಳಲ್ಲಿ 1880ರ ದಶಕದಲ್ಲಿ ಬಳಕೆಗೆ ಬಂದಿದ್ದ ಬೋರ್ಡೋ ದ್ರಾವಣ ಇದಕ್ಕೂ ನಾಟಬಹುದು ಅಂದುಕೊಂಡರು. ಮೈಲುತುತ್ತ, ಸುಣ್ಣ, ನೀರು, ಅಷ್ಟೇ ಸಾಮಾನು.

ಅಲ್ಲಿಯ ತನಕ ಅದು ಪುಸ್ತಕದ ವಿಜ್ಞಾನ. ಎಂಜಿನಿಯರಿಂಗ್ ಶುರುವಾಗೋದು ಆಮೇಲೆ. ಫ್ರಾನ್ಸಿನ ಮಳೆ ಬೇರೆ, ತೀರ್ಥಹಳ್ಳಿ ಕೊಪ್ಪದ ಮಳೆ ಬೇರೆ. ಹೊಡೆದ ಔಷಧಿ ಮಾರನೇ ದಿನಕ್ಕೆ ತೊಳೆದುಹೋದರೆ ಏನು ಬಂತು? ಅದಕ್ಕೆ ರಾಳ ಮತ್ತು ಸೋಡಾ ಬೆರೆಸಿದ ಅಂಟು ಸೇರಿಸಿದರು. ಗೊನೆ ಇರೋದು ತೆಂಗಿನ ಮರದಷ್ಟು ಎತ್ತರದಲ್ಲಿ, ಅಲ್ಲಿಗೆ ದ್ರಾವಣ ತಲುಪಿಸುವ ಪಂಪು ಬೇಕು, ಹತ್ತುವ ಕೊನೆಗಾರನ ಕೈಗೆ ಒಗ್ಗಬೇಕು. ಬೆರೆಸುವ ಪಾತ್ರೆ ಕಬ್ಬಿಣದ್ದಾಗಿರಬಾರದು. ಸುಣ್ಣ ಸಾಕಾಯಿತಾ ಅಂತ ನೋಡೋಕೆ ಇವತ್ತಿಗೂ ಮಲೆನಾಡಿನಲ್ಲಿ ಒಂದು ಪರೀಕ್ಷೆ ಇದೆ: ತೊಳೆದ ಕತ್ತಿಯ ಅಲಗನ್ನು ದ್ರಾವಣದಲ್ಲಿ ಅದ್ದಿ ತೆಗೆಯಬೇಕು, ಕೆಂಪು ಬಣ್ಣ ಹತ್ತಿದರೆ ಇನ್ನಷ್ಟು ಸುಣ್ಣ ಹಾಕಬೇಕು. ತಾಮ್ರದ ಅಯಾನು ಕಬ್ಬಿಣದ ಮೇಲೆ ಕೂರುವ ಸಾದಾ ಕೆಮಿಸ್ಟ್ರಿ. ನಾವು ಮೊದಲ ವರ್ಷದ ಲ್ಯಾಬಿನಲ್ಲಿ ಮಾಡಿ ಮರೆತದ್ದು.

ಇಲ್ಲೇ ಅವರ ಮುಂದಿನ ಕೆಲಸಕ್ಕೆಲ್ಲ ಅಡಿಪಾಯ ಬಿತ್ತು ಅಂತ ನನಗೆ ಅನ್ನಿಸೋದು. ಕೊಳೆರೋಗ ಬೇಲಿ ನೋಡಲ್ಲ. ಒಬ್ಬ ಸಿಂಪಡಿಸಿ ಪಕ್ಕದ ತೋಟದವನು ಬಿಟ್ಟರೆ ಇಬ್ಬರಿಗೂ ನಷ್ಟ. ಹಾಗಂತ ಸರ್ಕಾರವೇ ಎಲ್ಲ ತೋಟಕ್ಕೂ ಹೊಡೆಯಲಾರದು. ಕಾರಣ ಹುಡುಕುವುದು, ಮೊದಲ ಪ್ರಯೋಗದ ಅಪಾಯ ಹೊರುವುದು, ಕಣ್ಣೆದುರು ಮಾಡಿ ತೋರಿಸುವುದು ಇಲಾಖೆಯ ಪಾಲು. ಕ್ರಮೇಣ ಸಿಂಪಡಣೆ ಬೆಳೆಗಾರನ ಸ್ವಂತ ಕೆಲಸವಾಯಿತು, ಖರ್ಚೂ ಅವನದೇ ಆಯಿತು. ನೂರು ವರ್ಷ ದಾಟಿದರೂ ಜೂನ್ ಬಂದರೆ ಮಲೆನಾಡಿನಲ್ಲಿ ಬೋರ್ಡೋ ಮಾತೇ ಮಾತು. ಇದಕ್ಕಿಂತ ಬಾಳಿಕೆ ಬಂದ ಟೆಕ್ನಾಲಜಿ ಟ್ರಾನ್ಸ್‌ಫರ್ ನಮ್ಮ ರಾಜ್ಯದಲ್ಲಿ ಎಷ್ಟಿವೆ, ಹೇಳಿ ನೋಡೋಣ.

ಬಯಲುಸೀಮೆಯಲ್ಲಿ ಇದೇ ಲೆಕ್ಕ ಬೇರೆ ರೂಪದಲ್ಲಿ ಬಂತು. ಜೋಳಕ್ಕೆ ಬೀಳುವ ರೆಕ್ಕೆಯಿಲ್ಲದ ಒಂದು ಮಿಡತೆ. ಕೋಲ್ಮನ್ ಅದನ್ನು ಹಿಡಿದು ಅಭ್ಯಾಸ ಮಾಡಿದರು, 1911ರಲ್ಲಿ ಇಲಾಖೆಯ ಪುಸ್ತಿಕೆಯಾಗಿ ಬರೆದರು. ಆ ಮಿಡತೆಯ ಕುಲಕ್ಕೆ ಅವರ ಹೆಸರೇ ನಿಂತಿದೆ, ಕೋಲ್ಮೇನಿಯಾ. ಅದು ಹಾರುವುದಿಲ್ಲವಾದ್ದರಿಂದ ಊರಿನವರೆಲ್ಲ ಸೇರಿ ಬಲೆ ಎಳೆದು ಹಿಡಿದರೆ ಕಡಿಮೆ ಮಾಡಬಹುದು, ಒಬ್ಬರೇ ಹಿಡಿದರೆ ಪ್ರಯೋಜನ ಇಲ್ಲ. ಈ ದಿನಗಳಲ್ಲಿ ಕೀಟ ವಿಭಾಗದಲ್ಲಿ ಅವರ ಜೊತೆ ದುಡಿದ ಕುಂಞಿ ಕಣ್ಣನ್ ಮುಂದೆ ಸ್ವತಃ ಹೆಸರಾಂತ ಕೀಟ ತಜ್ಞರಾದರು.

1913ರಲ್ಲಿ ಕೃಷಿ ಇಲಾಖೆಗೆ ಕೋಲ್ಮನ್ ಮೊದಲ ನಿರ್ದೇಶಕರಾದರು. ಆಗ ದಿವಾನರು ವಿಶ್ವೇಶ್ವರಯ್ಯ. ಅದೇ ವರ್ಷ ಹೆಬ್ಬಾಳದಲ್ಲಿ ಕೃಷಿ ಶಾಲೆ ತೆರೆಯಿತು, ಇವತ್ತಿನ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಬೇರು ಅದೇ. ಕಾಫಿಗೆ 1915ರಲ್ಲಿ ಕೊಪ್ಪದಲ್ಲೊಂದು ತಾತ್ಕಾಲಿಕ ಘಟಕ, 1925ರಲ್ಲಿ ಬಾಳೆಹೊನ್ನೂರಿನಲ್ಲಿ ಪೂರ್ಣ ಪ್ರಮಾಣದ ಪ್ರಯೋಗ ಕೇಂದ್ರ. ಬಾಳೆಹೊನ್ನೂರು ಈಗ ಕಾಫಿ ಮಂಡಳಿಯ ಕೇಂದ್ರೀಯ ಸಂಶೋಧನಾ ಸಂಸ್ಥೆ.

ಕಟ್ಟಡಗಳ ಪಟ್ಟಿ ಇಲ್ಲಿಗೆ ಸಾಕು. ನನಗೆ ಅದಕ್ಕಿಂತ ಮುಖ್ಯ ಅನ್ನಿಸೋದು ಇನ್ನೊಂದು, ಮೈಸೂರು ಕೃಷಿ ಮತ್ತು ಪ್ರಯೋಗ ಸಂಘ. ಕೋಲ್ಮನ್ ಹುಟ್ಟಿದ ಒಂಟಾರಿಯೋದಲ್ಲಿ 1879ರಿಂದಲೇ ಹೆಚ್ಚುಕಡಿಮೆ ಇದೇ ಹೆಸರಿನ ಸಂಘವೊಂದಿತ್ತು. ಅಲ್ಲಿನ ಕೃಷಿ ಕಾಲೇಜು ಹೊಸ ಬೀಜ ಕೊಡುವುದು, ಸದಸ್ಯ ರೈತರು ತಮ್ಮ ತಮ್ಮ ಹೊಲದಲ್ಲಿ ಬೆಳೆದು ನೋಡಿ ಫಲಿತಾಂಶ ತಿಳಿಸುವುದು. ಸರ್ಕಾರದ ಫಾರಂ ಒಂದು, ಖಾಸಗಿ ಹೊಲ ನೂರಾರು. ಈಗಿನ ಭಾಷೆಯಲ್ಲಿ ಬೀಟಾ ಟೆಸ್ಟಿಂಗ್ ಅನ್ನಿ. ಆ ಮಾದರಿ ಮೈಸೂರಿಗೂ ಬಂತು, ಸಂಘ ತನ್ನದೇ ತ್ರೈಮಾಸಿಕ ಪತ್ರಿಕೆಯನ್ನೂ ಹೊರಡಿಸಿತು. ಸಂಶೋಧನಾ ಕೇಂದ್ರಕ್ಕೆ ಇದರಿಂದ ಏನು ಲಾಭ ಅಂತ ಯೋಚಿಸಿ. ಹೆಬ್ಬಾಳದ ಕೆಂಪು ಮಣ್ಣಿನಲ್ಲಿ ಚೆನ್ನಾಗಿ ಬಂದ ತಳಿ ಚಿತ್ರದುರ್ಗದ ಕರಿಮಣ್ಣಿನಲ್ಲಿ ಸೋಲಬಹುದು. ಸೋತದ್ದು ಬೇಗ ಗೊತ್ತಾದರೆ ಮುಂದಿನ ಪ್ರಯೋಗ ಸರಿದಾರಿಗೆ ಬರತ್ತೆ. ಬಳಸುವವನೇ ಸದಸ್ಯನಾಗಿ ಕೂತಿದ್ದಾಗ ಸೋಲನ್ನು ಮುಚ್ಚಿಡೋಕೆ ಆಗಲ್ಲ.

ಇನ್ನು ಮಂಡ್ಯಕ್ಕೆ ಬರೋಣ. ಕೋಲ್ಮನ್ ಬಂದ ಕಾಲಕ್ಕೆ ಈಗಿನ ಜಿಲ್ಲೆಯೇ ಇರಲಿಲ್ಲ, ಅದು ಆದದ್ದು 1939ರಲ್ಲಿ. ಹಳೆ ನಾಲೆ, ಕೆರೆ ಇದ್ದ ಕಡೆ ಭತ್ತ, ಉಳಿದಂತೆ ಮಂಡ್ಯ, ಮದ್ದೂರು, ಮಳವಳ್ಳಿ ಅಂದರೆ ರಾಗಿ, ಹುರುಳಿ, ಅವರೆ, ಆಕಾಶ ನೋಡುವ ಬೇಸಾಯ. ವಿಚಿತ್ರ ಅಂದರೆ ಇದೇ ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಿಂದ 1902ರಲ್ಲೇ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಹೋಗಿತ್ತು, 147 ಕಿಲೋಮೀಟರ್ ತಂತಿ ಎಳೆದು. ಅದೂ ಒಂದು ಸಹಭಾಗಿತ್ವವೇ. ಸಂಸ್ಥಾನ ಬಂಡವಾಳ ಹಾಕಿ ವಿದ್ಯುದಾಗಾರ ಕಟ್ಟಿತು, ಗಣಿ ಕಂಪನಿಗಳು ವಿದ್ಯುತ್ ಕೊಳ್ಳುವ ಒಪ್ಪಂದ ಮಾಡಿಕೊಂಡವು. ಕೊಳ್ಳುವವನು ಮೊದಲೇ ಗೊತ್ತಿದ್ದದ್ದರಿಂದ ಅಷ್ಟು ದೂರಕ್ಕೆ ವಿದ್ಯುತ್ ಕಳಿಸುವುದು ತೀರಾ ಅಪರೂಪವಾಗಿದ್ದ ಕಾಲದಲ್ಲಿ ಆ ಸಾಹಸಕ್ಕೆ ಧೈರ್ಯ ಬಂತು. ಆದರೆ ಜಲಪಾತದ ಪಕ್ಕದ ಹಳ್ಳಿಯ ರೈತನಿಗೆ ಆ ಒಪ್ಪಂದದಲ್ಲಿ ಜಾಗ ಇರಲಿಲ್ಲ. ಬೆಳಕು ಅವನ ತಲೆ ಮೇಲೆ ಹಾದು ಕೋಲಾರಕ್ಕೆ ಹೋಯಿತು.

1911ರಲ್ಲಿ ಕನ್ನಂಬಾಡಿ ಕಟ್ಟೆಯ ಕೆಲಸ ಶುರುವಾಯಿತು. ಅಲ್ಲಿಂದ ಹೊರಟ ದೊಡ್ಡ ನಾಲೆ ಹುಲಿಕೆರೆ ಸುರಂಗ ದಾಟಿ ಮಂಡ್ಯ, ಮದ್ದೂರು, ಮಳವಳ್ಳಿ ಕಡೆ ಬಂದದ್ದು 1930ರ ಆಸುಪಾಸಿನಲ್ಲಿ. ಆಗ ಅದರ ಹೆಸರು ಇರ್ವಿನ್ ನಾಲೆ, ಈಗ ವಿಶ್ವೇಶ್ವರಯ್ಯ ನಾಲೆ. ದಿವಾನರು ಆಗ ಸರ್ ಮಿರ್ಜಾ ಇಸ್ಮಾಯಿಲ್. ನೀರು ಬಂತು, ಸರಿ. ರಾಗಿ ಹೊಲದ ರೈತ ಆ ನೀರಿನಲ್ಲಿ ಏನು ಬೆಳೆಯಬೇಕು? ಕಟ್ಟೆ ಕಟ್ಟಿದ ಸಾಲ ತೀರಬೇಕಾದರೆ ನೀರಿನ ತೆರಿಗೆ ಬರಬೇಕು, ತೆರಿಗೆ ಬರಬೇಕಾದರೆ ದುಡ್ಡು ತರುವ ಬೆಳೆ ಬೇಕು. ಉತ್ತರ ಕಬ್ಬು ಅಂತ ಎಲ್ಲರಿಗೂ ಗೊತ್ತಿತ್ತು.

ಕಬ್ಬು ಈ ಸೀಮೆಗೆ ಹೊಸದೇನಲ್ಲ. 1800ರಲ್ಲಿ ಶ್ರೀರಂಗಪಟ್ಟಣದ ಸುತ್ತ ಓಡಾಡಿದ ಬುಕಾನನ್ ಇಲ್ಲಿನ ರಸದಾಳೆ, ಪಟ್ಟಾಪಟ್ಟಿ ಕಬ್ಬುಗಳ ಬಗ್ಗೆ ಬರೆದಿದ್ದಾನೆ. ಸಕ್ಕರೆ ಕಾರ್ಖಾನೆಯೂ ಹೊಸದಲ್ಲ. ಪಾಲಹಳ್ಳಿಯಲ್ಲಿ 1847ರಲ್ಲೇ ಗ್ರೋವ್ಸ್ ಕಂಪನಿಯವರು ಅಷ್ಟಗ್ರಾಮ ಸಕ್ಕರೆ ಕಾರ್ಖಾನೆ ತೆರೆದಿದ್ದರು. ರೈತರ ಬೆಲ್ಲ ಕೊಂಡು ಶುದ್ಧ ಸಕ್ಕರೆ ಮಾಡುತ್ತಿದ್ದರು, 1851ರ ಲಂಡನ್ ಮಹಾಪ್ರದರ್ಶನದಲ್ಲಿ ಪದಕವೂ ಬಂತು. ಆದರೆ ಶತಮಾನ ಮುಗಿಯುವಷ್ಟರಲ್ಲಿ ಅದು ಬಾಗಿಲು ಹಾಕಿತ್ತು. ಅದು ಅಪ್ಪಟ ಖಾಸಗಿ ಉದ್ಯಮ. ಆಲೆಮನೆಯಿಂದ ಈಚೆಗೆ ಮಾತ್ರ ಅದರ ವ್ಯವಹಾರ. ಗದ್ದೆಯಲ್ಲಿ ಯಾವ ತಳಿ, ಎಷ್ಟು ಗೊಬ್ಬರ, ಯಾವಾಗ ಕಟಾವು ಅನ್ನೋದಕ್ಕೂ ಕಾರ್ಖಾನೆಗೂ ನಂಟಿರಲಿಲ್ಲ.

ಕೋಲ್ಮನ್ ಕಾಲದಲ್ಲಿ ಮಂಡ್ಯದಲ್ಲಿ ಆದದ್ದು ಆ ನಂಟು. ಹೆಬ್ಬಾಳದಲ್ಲಿ ಕಬ್ಬಿನ ಸಂಕರಣ ಆಗಲೇ ನಡೆದಿತ್ತು. ಅಲ್ಲಿ ಹುಟ್ಟಿದ ತಳಿಗಳಿಗೆ ಎಚ್.ಎಂ. ಅಂತ ಹೆಸರು, ಅಂದರೆ ಹೆಬ್ಬಾಳ-ಮೈಸೂರು. ಅದರಲ್ಲಿ ಎಚ್.ಎಂ. 320 ಮುಂದೆ ಮಂಡ್ಯದ ಗದ್ದೆಗಳನ್ನು ತುಂಬಿತು. 1931ರಲ್ಲಿ ನಾಲೆ ಪ್ರದೇಶಕ್ಕೆಂದೇ ಮಂಡ್ಯದ ಪಕ್ಕದಲ್ಲಿ ಪ್ರಯೋಗ ಕ್ಷೇತ್ರ ತೆರೆಯಿತು, ನಮಗೆಲ್ಲ ಗೊತ್ತಿರುವ ವಿ.ಸಿ. ಫಾರಂ. 1932ರಲ್ಲಿ ಭಾರತ ಸರ್ಕಾರ ಹೊರದೇಶದ ಸಕ್ಕರೆ ಮೇಲೆ ರಕ್ಷಣಾ ಸುಂಕ ಹಾಕಿತು. ದೇಶದಲ್ಲಿ ಮೂವತ್ತರ ಆಸುಪಾಸಿನಲ್ಲಿದ್ದ ಸಕ್ಕರೆ ಕಾರ್ಖಾನೆಗಳು ನಾಲ್ಕೈದು ವರ್ಷದಲ್ಲಿ ನೂರಮೂವತ್ತು ಮುಟ್ಟಿದವು. ಆ ಗಾಳಿಯಲ್ಲೇ 1933ರಲ್ಲಿ ಮೈಸೂರು ಸಕ್ಕರೆ ಕಂಪನಿ ನೋಂದಣಿಯಾಯಿತು, 1934ರಲ್ಲಿ ಕಬ್ಬು ಅರೆಯೋಕೆ ಶುರುವಾಯಿತು. ಅದು ಸರ್ಕಾರದ ಇಲಾಖೆ ಅಲ್ಲ, ಒಬ್ಬ ಸಾಹುಕಾರನ ಮಿಲ್ಲೂ ಅಲ್ಲ. ಸರ್ಕಾರದ ಷೇರೂ ಇದ್ದ, ಜನರ ಷೇರೂ ಇದ್ದ ಜಾಯಿಂಟ್ ಸ್ಟಾಕ್ ಕಂಪನಿ. ಅದನ್ನು ಕಟ್ಟುವುದರಲ್ಲಿ ಕೋಲ್ಮನ್ ಪಾತ್ರ ದೊಡ್ಡದು.

ಎಂಜಿನಿಯರಿಂಗ್ ವಿದ್ಯಾರ್ಥಿಗಳಾಗಿ ಇದನ್ನು ಸ್ವಲ್ಪ ಸಿಸ್ಟಂ ಆಗಿ ನೋಡಿ. ಕಬ್ಬು ಕಡಿದ ಗಳಿಗೆಯಿಂದ ಅದರೊಳಗಿನ ಸುಕ್ರೋಸ್ ಒಡೆಯೋಕೆ ಶುರು. ಒಂದು ದಿನದೊಳಗೆ ಅರೆದರೆ ಒಳ್ಳೆಯದು, ತಡವಾದಷ್ಟೂ ನಷ್ಟ. ಒಂದು ಟನ್ ಕಬ್ಬಿಗೆ ಸುಮಾರು ನೂರು ಕಿಲೋ ಸಕ್ಕರೆ ಅಂತ ಒರಟು ಲೆಕ್ಕ. ಗಾಣ ನಿಂತರೆ ಗದ್ದೆಯಲ್ಲಿ ಕಬ್ಬು ಒಣಗುತ್ತೆ, ಕಬ್ಬು ಬರದಿದ್ದರೆ ಬಾಯ್ಲರ್ ಸುಮ್ಮನೆ ಉರಿಯುತ್ತೆ. ಯಾವ ಊರಿನ ಯಾವ ಗದ್ದೆ ಯಾವ ವಾರ ಹಣ್ಣಾಗುತ್ತೆ ಅಂತ ಮೊದಲೇ ತಿಳಿದಿದ್ದರೆ ಮಾತ್ರ ಕಾರ್ಖಾನೆ ನಡೆಯುತ್ತೆ. ಹಾಗಾಗಿ ಕಂಪನಿ ಬೆಳೆಗಾರನ ಜೊತೆ ಒಪ್ಪಿಗೆ ಪತ್ರ ಮಾಡಿಕೊಂಡಿತು. ಗೊಬ್ಬರ ಸಾಲವಾಗಿ ಕೊಡುವುದು, ತನ್ನ ಕ್ಷೇತ್ರ ಸಿಬ್ಬಂದಿಯನ್ನು ಗದ್ದೆಗೆ ಕಳಿಸಿ ಹೇಳಿಕೊಡುವುದು, ಕಟಾವಿನ ಸರದಿ ಗೊತ್ತುಮಾಡುವುದು, ಕಬ್ಬು ಬಂದ ಮೇಲೆ ಸಾಲ ಮುರಿದುಕೊಂಡು ಉಳಿದ ಹಣ ಕೊಡುವುದು.

ಇದರಿಂದ ಸಂಶೋಧನೆಗೆ ಏನಾಯಿತು? ಹೊಸ ತಳಿ ಹೆಬ್ಬಾಳದಲ್ಲಿ ಹುಟ್ಟಿದರೆ ಅದನ್ನು ಹಳ್ಳಿ ಹಳ್ಳಿಗೆ ಒಯ್ಯಲು ಬೇರೆ ಪ್ರಚಾರವೇ ಬೇಕಾಗಲಿಲ್ಲ. ಸಕ್ಕರೆ ಇಳುವರಿ ಹೆಚ್ಚಾದರೆ ಕಂಪನಿಗೆ ಲಾಭ, ಟನ್ ಹೆಚ್ಚಾದರೆ ರೈತನಿಗೆ ಲಾಭ, ನೀರಿನ ತೆರಿಗೆ ಬಂದರೆ ಸರ್ಕಾರಕ್ಕೆ ಲಾಭ. ವಿಜ್ಞಾನಿಯ ಕೆಲಸ ಸರಿಯಿದೆಯೋ ಇಲ್ಲವೋ ಅಂತ ತೂಕದ ಸೇತುವೆ ಹೇಳಿಬಿಡುತ್ತಿತ್ತು. ನಂತರ ಕೊಯಮತ್ತೂರಿನ ಸಿ.ಓ. 419 ಇನ್ನೂ ಮೇಲು ಅಂತ ಕಂಡಾಗ ಎಚ್.ಎಂ. 320 ಜಾಗ ಬಿಟ್ಟುಕೊಟ್ಟಿತು. ತಮ್ಮದೇ ತಳಿ ಅಂತ ಹಿಡಿದುಕೊಂಡು ಕೂರೋ ಅವಕಾಶವೇ ಆ ವ್ಯವಸ್ಥೆಯಲ್ಲಿ ಇರಲಿಲ್ಲ. ಒಳ್ಳೆ ಸಹಭಾಗಿತ್ವದ ಗುರುತು ನನ್ನ ಪ್ರಕಾರ ಇದು.

ಎಲ್ಲವೂ ಬೆಲ್ಲದಷ್ಟು ಸಿಹಿಯಾಗಿರಲಿಲ್ಲ, ಅದನ್ನೂ ಹೇಳಬೇಕು. ಒಪ್ಪಿಗೆ ಪತ್ರದ ಎರಡು ಕಡೆಯವರು ಸಮಾನರಾಗಿರಲಿಲ್ಲ. ತೂಕದ ಯಂತ್ರ ಕಾರ್ಖಾನೆಯದು, ಸರದಿ ಹೇಳುವವರು ಕಾರ್ಖಾನೆಯವರು. ಬೆಲ್ಲದ ಬೆಲೆ ಏರಿದ ವರ್ಷ ರೈತ ಕಬ್ಬನ್ನು ಆಲೆಮನೆ ಕಡೆ ತಿರುಗಿಸುತ್ತಿದ್ದದ್ದು ಅದಕ್ಕೆ ಅವನ ಉತ್ತರ. ಗದ್ದೆ ಇದ್ದವನಿಗೆ ಕಬ್ಬು, ಗದ್ದೆ ಇಲ್ಲದವನಿಗೆ ಕೂಲಿ, ಆ ಅಂತರ ಹಾಗೇ ಉಳಿಯಿತು. 1954ರಲ್ಲಿ ಸ್ಕಾರ್ಲೆಟ್ ಎಪ್‌ಸ್ಟೈನ್ ಅನ್ನುವ ಸಂಶೋಧಕಿ ಮಂಡ್ಯದ ಹತ್ತಿರದ ಎರಡು ಹಳ್ಳಿಗಳಲ್ಲಿ ಅಧ್ಯಯನಕ್ಕೆ ಬಂದರು. ಒಂದಕ್ಕೆ ನಾಲೆ ನೀರು ಹತ್ತಿತ್ತು, ಇನ್ನೊಂದು ಎತ್ತರದಲ್ಲಿದ್ದು ಒಣಗೇ ಉಳಿದಿತ್ತು. ನೀರು ಬಂದ ಊರು ಶ್ರೀಮಂತವಾಯಿತು, ಆದರೆ ಊರಿನೊಳಗಿನ ಹಳೆ ಕಟ್ಟುಪಾಡು ಹೆಚ್ಚು ಅಲುಗಾಡಲಿಲ್ಲ. ನೀರು ಬಾರದ ಊರಿನವರು ಗಾಡಿ ಹೊಡೆದರು, ವ್ಯಾಪಾರ ಮಾಡಿದರು, ಮಂಡ್ಯದಲ್ಲಿ ಕೆಲಸ ಹಿಡಿದರು, ಅವರ ಬದುಕಿನ ರೀತಿಯೇ ಹೆಚ್ಚು ಬದಲಾಯಿತು. ಯೋಜನೆ ಹಾಕಿದ ಯಾರೂ ಇದನ್ನು ಲೆಕ್ಕ ಹಾಕಿರಲಿಕ್ಕಿಲ್ಲ.

ಕಾರ್ಖಾನೆ ಶುರುವಾದ ಹೊತ್ತಿಗೆ ಕೋಲ್ಮನ್ ಅವರ ಮೈಸೂರಿನ ಸೇವೆಯೂ ಮುಗಿಯುತ್ತ ಬಂದಿತ್ತು. ಹತ್ತಿರ ಹತ್ತಿರ ಕಾಲು ಶತಮಾನ. ಕೆನಡಾಕ್ಕೆ ಹಿಂದಿರುಗಿ ಟೊರಾಂಟೋದಲ್ಲಿ ಮತ್ತೆ ಸೂಕ್ಷ್ಮದರ್ಶಕದ ಮುಂದೆ ಕುಳಿತರು, ಸಸ್ಯಗಳ ಮತ್ತು ಮಿಡತೆಗಳ ವರ್ಣತಂತುಗಳ ಮೇಲೆ ಸಂಶೋಧನಾ ಲೇಖನಗಳನ್ನು ಬರೆದರು. ಅರವತ್ತು ದಾಟಿದ ಮೇಲೆ! ಜೋಳದ ಹೊಲದ ಮಿಡತೆಯಿಂದ ಶುರುವಾದ ನಂಟು ಅಷ್ಟು ಬೇಗ ಬಿಡಲಿಲ್ಲ ಅನ್ನಿ. ತೀರಿಕೊಂಡದ್ದು 1954ರಲ್ಲಿ, ಎಪ್‌ಸ್ಟೈನ್ ಮಂಡ್ಯಕ್ಕೆ ಬಂದ ಅದೇ ವರ್ಷ.

ಅವರು ಬಿಟ್ಟುಹೋದ ಜೋಡಿಯಲ್ಲಿ ಫಾರಂ ಗಟ್ಟಿಯಾಗಿ ನಿಂತಿತು. ರಾಗಿ ಲಕ್ಷ್ಮಣಯ್ಯನವರು ನಮ್ಮ ರಾಗಿಗೆ ಆಫ್ರಿಕಾದ ರಾಗಿ ಬೆಸೆದು ಇಂಡಾಫ್ ತಳಿಗಳನ್ನು ಕೊಟ್ಟದ್ದು ವಿ.ಸಿ. ಫಾರಂನಲ್ಲೇ, ಕೆ.ಆರ್.ಎಚ್. 2 ಹೈಬ್ರಿಡ್ ಭತ್ತ ಬಂದದ್ದೂ ಅಲ್ಲಿಂದಲೇ. ಕಾರ್ಖಾನೆಯ ಕಥೆ ಬೇರೆ. ಹಳೆ ಯಂತ್ರ, ನಷ್ಟ, ಸಾಲ ಅಂತ ಸೊರಗುತ್ತ ಬಂದು ಕೆಲವು ವರ್ಷ ಗಾಣವೇ ನಿಂತಿತ್ತು. ಅಷ್ಟರಲ್ಲಿ ಮದ್ದೂರು ತಾಲ್ಲೂಕಿನ ಕೊಪ್ಪದಲ್ಲಿ, ಭಾರತೀನಗರದಲ್ಲಿ ಖಾಸಗಿ ಕಾರ್ಖಾನೆಗಳು ಎದ್ದಿದ್ದವು, ಮಂಡ್ಯ ಸುತ್ತಿನ ಕಬ್ಬು ಲಾರಿ ಹತ್ತಿ ದೂರ ಹೋಗಬೇಕಾಯಿತು. ಮೈಷುಗರನ್ನು ಖಾಸಗಿಯವರಿಗೆ ಗುತ್ತಿಗೆಗೆ ಕೊಡುವ ಮಾತು ಬಂದಾಗ ರೈತರು ಬೀದಿಗಿಳಿದರು, ಸರ್ಕಾರ ತಾನೇ ನಡೆಸುತ್ತೇನೆ ಅಂತ ಒಪ್ಪಿ 2022ರಲ್ಲಿ ಮತ್ತೆ ಗಾಣ ತಿರುಗಿಸಿತು. ಆ ಹೋರಾಟದಲ್ಲಿ ಕೂತವರಲ್ಲಿ ಕಂಪನಿಯ ಷೇರುದಾರ ಕುಟುಂಬದವರೂ ಇದ್ದರು. ಅಜ್ಜನ ಕಾಲದಲ್ಲಿ ಕೊಂಡ ಷೇರು ಪತ್ರ ಇನ್ನೂ ಟ್ರಂಕಿನಲ್ಲಿರುವ ಮನೆಗಳು ಮಂಡ್ಯ ಸುತ್ತಲ ಹಳ್ಳಿಗಳಲ್ಲಿ ಇವತ್ತಿಗೂ ಸಿಗುತ್ತವೆ.